ಸರ್ವೆ ನಂಬರ್ ಇದೆ, ಪಹಣಿ ಎಲ್ಲಿ?

ವಿಜ್ಞಾನದ ಡೇಟಾವನ್ನು ‘ಓಪನ್’ ಮಾಡಿಬಿಟ್ಟಿದ್ದೇವೆ ಅಂತ ಯಾರಾದರೂ ಎದೆ ತಟ್ಟಿಕೊಂಡರೆ ನನ್ನದು ಒಂದೇ ಪ್ರಶ್ನೆ: ರನ್ 34ರಲ್ಲಿ ಏನಿತ್ತು? ಹೊರಗಿನವರಿಗೂ ಉತ್ತರ ಸಿಗುವಂತಿದ್ದರೆ ಸರಿ, ಅದು ಓಪನ್. ‘ಅದನ್ನ ಆ ಪಿಎಚ್‌ಡಿ ಹುಡುಗನ್ನೇ ಕೇಳಬೇಕು, ಅವನೀಗ ಬೇರೆ ಕಡೆ ಕೆಲಸಕ್ಕೆ ಸೇರ್ಕೊಂಡಿದಾನೆ’ ಅನ್ನೋದು ಉತ್ತರವಾದರೆ ಅದು ಬೀಗ ಹಾಕದ ಗೋದಾಮು, ಅಷ್ಟೆ.

ರನ್ ಅಂದರೇನು ಅಂತ ಮೊದಲು ಹೇಳಿಬಿಡ್ತೀನಿ. ಜರ್ಮನಿಯ ಹ್ಯಾಂಬರ್ಗ್‌ನಿಂದ ಪಕ್ಕದ ಶೆನೆಫೆಲ್ಡ್ ಊರಿನವರೆಗೆ, ನೆಲದಡಿಯಲ್ಲಿ, 3.4 ಕಿಲೋಮೀಟರ್ ಉದ್ದದ ಒಂದು ಎಕ್ಸ್-ರೇ ಲೇಸರ್ ಇದೆ. ಹೆಸರು ಯುರೋಪಿಯನ್ ಎಕ್ಸ್‌ಫೆಲ್. 2017ರ ಸೆಪ್ಟೆಂಬರ್‌ನಿಂದ ಹಲವು ದೇಶಗಳ ವಿಜ್ಞಾನಿಗಳು ಸರದಿಯ ಮೇಲೆ ಅಲ್ಲಿಗೆ ಬಂದು ಪ್ರಯೋಗ ಮಾಡ್ತಾರೆ. ಪ್ರೋಟೀನಿನ ಸಣ್ಣ ಹರಳುಗಳನ್ನು ನೀರಿನ ಎಳೆಯಲ್ಲಿ ಹರಿಯಬಿಟ್ಟು, ಅದಕ್ಕೆ ಎಕ್ಸ್-ರೇ ಮಿಂಚು ಹೊಡೆದು, ಚದುರಿದ ಬೆಳಕಿನ ಚಿತ್ರ ತೆಗೆಯೋದು ಅಂಥ ಪ್ರಯೋಗಗಳಲ್ಲಿ ಒಂದು. ಸೆಕೆಂಡಿಗೆ ಹತ್ತು ಸಲ ಮಿಂಚುಗಳ ಒಂದೊಂದು ‘ಟ್ರೇನ್’ ಹೊರಡತ್ತೆ. ಅವರು ಬಳಸುವ ಪದವೇ ಅದು. ಒಂದು ಟ್ರೇನಿನಲ್ಲಿ 2,700 ಮಿಂಚುಗಳವರೆಗೆ ಇರಬಹುದು, ಅಂದರೆ ಸೆಕೆಂಡಿಗೆ 27,000. ಎಜಿಐಪಿಡಿ ಅನ್ನುವ ಕ್ಯಾಮೆರಾ ಒಂದು ಟ್ರೇನಿಗೆ 352 ಚಿತ್ರಗಳನ್ನು ಹಿಡಿಯಬಲ್ಲದು, ಚಿತ್ರಕ್ಕೆ ಹತ್ತು ಲಕ್ಷ ಪಿಕ್ಸೆಲ್. ಪೂರ್ತಿ ವೇಗದಲ್ಲಿ ಓಡಿಸಿದರೆ ಸೆಕೆಂಡಿಗೆ ಹತ್ತು ಗಿಗಾಬೈಟ್ ದಾಟತ್ತೆ. ನಮ್ಮ ನಿಮ್ಮ ಲ್ಯಾಪ್‌ಟಾಪ್ ಎರಡು ನಿಮಿಷದೊಳಗೆ ತುಂಬಿ ಹೋಗತ್ತೆ. ರೆಕಾರ್ಡಿಂಗ್ ಶುರು ಮಾಡಿದಲ್ಲಿಂದ ನಿಲ್ಲಿಸುವವರೆಗಿನ ಅವಧಿ ಒಂದು ರನ್. ನಂಬರ್ ತಾನಾಗಿಯೇ ಬೀಳತ್ತೆ.

ಇಷ್ಟೆಲ್ಲ ಫೈಲುಗಳನ್ನು ಇಡೋದು ಹೇಗೆ? ಇಲ್ಲಿ ನಾನು ಆ ಕೇಂದ್ರದವರಿಗೆ ಮನಸಾರೆ ಶಹಭಾಸ್ ಹೇಳ್ತೀನಿ. ಮೊದಲು ಉಪಕರಣದ ಫೋಲ್ಡರ್, ಅದರೊಳಗೆ ಅವಧಿ, ಅದರೊಳಗೆ ಪ್ರಯೋಗದ ನಂಬರ್. ಅದರೊಳಗೆ ನಾಲ್ಕು ಕೋಣೆ: ರಾ, ಪ್ರಾಕ್, ಯೂಸರ್, ಸ್ಕ್ರ್ಯಾಚ್. ‘ರಾ’ದಲ್ಲಿ ಯಂತ್ರ ಬರೆದದ್ದು ಬರೆದ ಹಾಗೇ ಇರತ್ತೆ, ಅದನ್ನು ಪ್ರಯೋಗ ಮಾಡಿದ ಪ್ರೊಫೆಸರ್ ಕೂಡ ತಿದ್ದುವ ಹಾಗಿಲ್ಲ. ‘ಪ್ರಾಕ್’ನಲ್ಲಿ ಕ್ಯಾಮೆರಾದ ಓರೆಕೋರೆಗಳನ್ನು ಸರಿಪಡಿಸಿದ ಪ್ರತಿ. ನಾಳೆ ಇನ್ನೂ ಒಳ್ಳೆಯ ತಿದ್ದುಪಡಿ ಗೊತ್ತಾದರೆ ‘ರಾ’ದಿಂದ ಮತ್ತೆ ‘ಪ್ರಾಕ್’ ಮಾಡಿಕೊಳ್ಳಬಹುದು. ಉಳಿದೆರಡು ಬಂದ ತಂಡದ ಸ್ವಂತ ಬಳಕೆಗೆ. ‘ಸ್ಕ್ರ್ಯಾಚ್’ ಅಂತೂ ಹೆಸರೇ ಹೇಳುವ ಹಾಗೆ ರಫ್ ಪುಸ್ತಕ, ಅದಕ್ಕೆ ಬ್ಯಾಕಪ್ ಇಲ್ಲ.

ಫೈಲಿನ ಹೆಸರು ಹೇಗಿರತ್ತೆ ಗೊತ್ತಾ? ‘ರಾ-ಆರ್0034-ಎಜಿಐಪಿಡಿ07-ಎಸ್00002’. ನೋಡಿದ ಕೂಡಲೇ ತಲೆ ಕೆರೆದುಕೊಳ್ಳೋರೇ ಜಾಸ್ತಿ. ನನ್ನ ಪ್ರಕಾರ ಇದಕ್ಕಿಂತ ಒಳ್ಳೆಯ ಹೆಸರು ಸಾಧ್ಯವಿಲ್ಲ. ತಿದ್ದದ ಡೇಟಾ, 34ನೇ ರನ್, ಕ್ಯಾಮೆರಾದ ಹದಿನಾರು ತುಂಡುಗಳಲ್ಲಿ 07 ನಂಬರಿನದು, ಫೈಲುಗಳ ಸಾಲಿನಲ್ಲಿ ಇದು ಇಂತಿಷ್ಟನೆಯದು. ಇದರಲ್ಲಿ ಅರ್ಥ ಇಲ್ಲ, ಆಸೆ ಇಲ್ಲ, ಅಭಿಪ್ರಾಯ ಇಲ್ಲ. ಮನುಷ್ಯರು ಇಟ್ಟ ಹೆಸರುಗಳನ್ನು ನಿಮ್ಮ ಆಫೀಸಿನ ಶೇರ್ಡ್ ಡ್ರೈವ್‌ನಲ್ಲಿ ನೋಡಿದ್ದೀರಲ್ಲ: ‘ಫೈನಲ್’, ‘ಫೈನಲ್_ಹೊಸದು’, ‘ಇದೇ_ಫೈನಲ್_2’. ಹೆಸರಿನಲ್ಲಿ ಅರ್ಥ ತುಂಬಲು ಹೋದವರ ಗತಿ ಅದು.

ಒಂದೇ ಚಿತ್ರ ಹದಿನಾರು ಫೈಲುಗಳಲ್ಲಿ ಹಂಚಿಹೋಗಿರತ್ತೆ. ಮೋಟರ್ ಎಲ್ಲಿತ್ತು, ಮಿಂಚಿನ ಶಕ್ತಿ ಎಷ್ಟಿತ್ತು ಅನ್ನೋದು ಇನ್ನೆಲ್ಲೋ ಕೂತಿರತ್ತೆ. ಎಲ್ಲವನ್ನೂ ಹೊಲಿಯುವ ದಾರ ಟ್ರೇನ್ ಐಡಿ. ಪ್ರತಿ ಫೈಲಿನಲ್ಲೂ ಅದು ಇರತ್ತೆ. ಹೊಲಿಯುವ ಕೆಲಸಕ್ಕೆ ‘ಎಕ್ಸ್‌ಟ್ರಾ-ಡೇಟಾ’ ಅನ್ನುವ ಪೈಥಾನ್ ಲೈಬ್ರರಿ ಇದೆ, ಯಾರು ಬೇಕಾದರೂ ಪುಕ್ಕಟೆ ಬಳಸಬಹುದು. ಪ್ರಯೋಗದ ನಂಬರ್, ರನ್ ನಂಬರ್ ಕೊಟ್ಟರೆ ಸಾಕು, ಯಾವ ಫೈಲಿನಲ್ಲಿ ಏನಿದೆ ಅಂತ ಹುಡುಕುವ ತಲೆನೋವು ಅದರದ್ದು. ಇಂಥದ್ದನ್ನು ಬರೆಯುವವರನ್ನು ವಿಜ್ಞಾನದ ಲೋಕ ಏನಂತ ಕರೆಯತ್ತೆ? ‘ಸಪೋರ್ಟ್’. ಪ್ರೊಫೆಸರ್‌ ಪ್ರಯೋಗ ಮಾಡ್ತಾರಂತೆ, ಇವರು ಬರೀ ಸಪೋರ್ಟ್ ಮಾಡ್ತಾರಂತೆ! ಇವರಿಲ್ಲದೆ ಪ್ರೊಫೆಸರ್ ಕೈಗೆ ಸಿಗೋದು ಹೆಸರಿಲ್ಲದ ಒಂದು ರಾಶಿ.

ಇಲ್ಲಿಯವರೆಗೆ ಹೇಳಿದ್ದು ಯಂತ್ರದ ಶಿಸ್ತು. ನನ್ನ ಜಗಳ ಇರೋದು ಮನುಷ್ಯರ ಜೊತೆ.

ರನ್ ನಂಬರ್ ಅನ್ನೋದು ಹೊಲದ ಸರ್ವೆ ನಂಬರ್ ಇದ್ದ ಹಾಗೆ. ಅದು ಜಾಗವನ್ನು ಗುರುತಿಸತ್ತೆ, ತಪ್ಪಿಲ್ಲದೆ. ಯಾರ ಹೆಸರಲ್ಲಿದೆ, ಈ ವರ್ಷ ಜೋಳ ಬೆಳೆದರೋ ತೊಗರಿಯೋ ಅಂತ ತಿಳಿಯಬೇಕಾದರೆ ಪಹಣಿ ತೆಗೆಸಬೇಕು. ಲೇಸರ್ ಕೇಂದ್ರಗಳು ಸರ್ವೆ ಕೆಲಸವನ್ನು ಅಚ್ಚುಕಟ್ಟಾಗಿ ಮುಗಿಸಿವೆ. ಪಹಣಿ ಬರೆಯೋದನ್ನು ಮಾತ್ರ ರಾತ್ರಿ ಪಾಳಿಯಲ್ಲಿ ನಿದ್ದೆಗಣ್ಣಲ್ಲಿ ಕೂತಿರುವ ಕಿರಿಯ ವಿದ್ಯಾರ್ಥಿಯ ಪುರುಸೊತ್ತಿಗೆ ಬಿಟ್ಟಿವೆ.

ಒಂದು ಪ್ರಯೋಗದಲ್ಲಿ ಎಲ್ಲ ರನ್‌ಗಳೂ ಪ್ರಯೋಗವೇ ಆಗಿರಲ್ಲ. ಲೇಸರ್ ಆರಿಸಿ, ಕ್ಯಾಮೆರಾದ ಸ್ವಂತ ಗದ್ದಲ ಅಳೆಯಲು ತೆಗೆದ ‘ಡಾರ್ಕ್’ ರನ್‌ಗಳಿರತ್ವೆ. ಎಜಿಐಪಿಡಿಗಂತೂ ಮೂರು ಬಗೆಯ ಸಂವೇದನೆ, ಅದಕ್ಕೆ ಮೂರು ಡಾರ್ಕ್. ಕಿರಣವನ್ನು ಗುರಿಗೆ ಕೂರಿಸಲು ತೆಗೆದವು ಕೆಲವು. ನಳಿಕೆ ಕಟ್ಟಿಕೊಂಡು ಬರೀ ನೀರಿಗೆ, ಇಲ್ಲವೇ ಬರೀ ಗಾಳಿಗೆ ಹೊಡೆದವು ಕೆಲವು. ಮಾದರಿಯ ಬ್ಯಾಚ್ ಬದಲಿಸಿ ಹೊಡೆದವು ಇನ್ನು ಕೆಲವು. ಫೋಲ್ಡರಿನಲ್ಲಿ ಇವೆಲ್ಲ ಅಣ್ಣತಮ್ಮಂದಿರ ಹಾಗೆ ಒಂದೇ ರೂಪ. ಯಾವುದು ಯಾವುದು ಅನ್ನೋದು ಯಾರದೋ ಸ್ಪ್ರೆಡ್‌ಶೀಟಿನಲ್ಲಿ, ಯಾರದೋ ನೋಟ್‌ಬುಕ್ಕಿನಲ್ಲಿ, ಇಲ್ಲವೇ ಯಾವುದೋ ಚಾಟ್ ಗ್ರೂಪಿನಲ್ಲಿ ‘35 ಬಿಟ್ಬಿಡಿ, ಜೆಟ್ ಕೈಕೊಡ್ತು’ ಅನ್ನುವ ಒಂದು ಮೆಸೇಜಿನಲ್ಲಿ.

ಹಾಗಂತ ಕೇಂದ್ರದವರು ಏನೂ ಕೊಟ್ಟಿಲ್ಲ ಅಂತಲ್ಲ. ಎಕ್ಸ್‌ಫೆಲ್‌ನಲ್ಲಿ ಒಂದು ಮೆಟಾಡೇಟಾ ಕ್ಯಾಟಲಾಗ್ ಇದೆ. ಪ್ರತಿ ರನ್‌ಗೂ ಅಲ್ಲಿ ಚೆನ್ನಾಗಿದೆ, ಸ್ಪಷ್ಟವಿಲ್ಲ, ಬೇಕಾಗಿಲ್ಲ ಎಂಬ ಅರ್ಥದ ಗುರುತು ಹಾಕಬೇಕು. ಯಾವುದನ್ನು ಮುಂದಿನ ಸಂಗ್ರಹಕ್ಕೆ ಸಾಗಿಸಬೇಕು ಅನ್ನೋದಕ್ಕೂ ಈ ಗುರುತಿಗೂ ಸಂಬಂಧ ಇದೆ. ಟಿಪ್ಪಣಿ ಬರೆಯಲು ಜಾಗವೂ ಇದೆ. ಆದರೆ ಜಾಗ ಕೊಟ್ಟ ಮಾತ್ರಕ್ಕೆ ಜನ ಬರೀತಾರಾ? ‘ಚೆನ್ನಾಗಿದೆ’ ಅಂತ ಒತ್ತಿ ಮುಂದಿನ ರನ್‌ಗೆ ಹೋಗ್ತಾರೆ. ಚೆನ್ನಾಗಿದೆ ಅಂದರೆ ಯಾವ ಪ್ರೋಟೀನು ಸ್ವಾಮಿ?

ಇಂಥ ಡೇಟಾಕ್ಕೆ ಮೂರು ವರ್ಷದ ಕಾಯ್ದಿರಿಸುವಿಕೆ ಇದೆ. ಅಷ್ಟು ಕಾಲ ಪ್ರಯೋಗ ಮಾಡಿದ ತಂಡಕ್ಕೆ ಮಾತ್ರ, ಆಮೇಲೆ ಎಲ್ಲರಿಗೂ. ಈ ನಿಯಮಕ್ಕೆ ನನ್ನ ತಕರಾರಿಲ್ಲ, ನಿದ್ದೆಗೆಟ್ಟವರಿಗೆ ಮೊದಲ ಊಟ ಸಲ್ಲಬೇಕು. ಪ್ರಶ್ನೆ ಮೂರು ವರ್ಷ ಆದ ಮೇಲಿನದು. ಬಾಗಿಲು ತೆರೆಯುವ ಹೊತ್ತಿಗೆ ಅರ್ಥ ಬಲ್ಲವರೆಲ್ಲ ಮನೆ ಖಾಲಿ ಮಾಡಿರ್ತಾರೆ. ಧಾರವಾಡದಲ್ಲೋ ಮೈಸೂರಿನಲ್ಲೋ ಕೂತ ಎಂಎಸ್ಸಿ ವಿದ್ಯಾರ್ಥಿಗೆ ಆ ಸುರಂಗದಲ್ಲಿ ಒಂದು ಪಾಳಿ ಸಿಗೋದು ಕನಸಿನ ಮಾತು. ಅವಳಿಗೆ ಸಿಗಬಹುದಾದದ್ದು ಈ ತೆರೆದ ಡೇಟಾ ಒಂದೇ. ಇನ್ನೂರು ರನ್‌ಗಳಿರುವ ಫೋಲ್ಡರಿಗೆ ಅನುಮತಿ ಕೊಟ್ಟು, ಯಾವುದು ಡಾರ್ಕ್, ಯಾವುದು ನೀರು, ಯಾವುದು ಹರಳು ಅಂತ ಹೇಳದೇ ಇದ್ದರೆ ಅವಳಿಗೆ ಕೊಟ್ಟದ್ದು ಏನು?

‘ಪಾಳಿ ಹನ್ನೆರಡು ಗಂಟೆಯದು, ಅದರಲ್ಲಿ ಬರೆಯುತ್ತಾ ಕೂರೋಕೆ ಟೈಮೆಲ್ಲಿ?’ ಅಂತ ಕೇಳ್ತಾರೆ. ಟಿಕೆಟ್ ಮಷೀನ್ ಬರುವ ಮುಂಚಿನ ನಮ್ಮ ಬಸ್ ಕಂಡಕ್ಟರ್‌ಗಳನ್ನು ನೆನಪು ಮಾಡಿಕೊಳ್ಳಿ. ಕಾಲಿಡಲು ಜಾಗವಿಲ್ಲದ ಬಸ್ಸು, ಚಿಲ್ಲರೆ ಜಗಳ, ಡ್ರೈವರ್‌ನ ಬ್ರೇಕು. ಅದರ ನಡುವೆ ಪ್ರತಿ ಸ್ಟೇಜಿನಲ್ಲಿ ವೇ ಬಿಲ್ ಬರೆದು ಮುಗಿಸುತ್ತಿದ್ದರು. ಬರೆಯದಿದ್ದರೆ ಚೆಕಿಂಗಿನವರು ಹತ್ತುತ್ತಾರೆ ಅನ್ನೋದು ಗೊತ್ತಿತ್ತು. ವಿಜ್ಞಾನಿಗಳ ಬಸ್ಸಿಗೆ ಚೆಕಿಂಗಿನವರು ಹತ್ತಲ್ಲ, ಇಷ್ಟೇ ವ್ಯತ್ಯಾಸ.

‘ಎಐ ಬಂದಿದೆ, ಅದೇ ವಿಂಗಡಿಸತ್ತೆ’ ಅನ್ನುವ ಇನ್ನೊಂದು ಪಂಗಡ ಇದೆ, ನಮ್ಮ ಬೆಂಗಳೂರಿನ ಟೆಕ್ಕಿಗಳಲ್ಲಿ ಇದು ಹೆಚ್ಚು. ಚಿತ್ರ ನೋಡಿ ಹರಳಿಗೆ ಮಿಂಚು ತಾಗಿದೆಯಾ ಇಲ್ವಾ ಅಂತ ಪ್ರೋಗ್ರಾಂ ಹೇಳಬಲ್ಲದು, ಒಪ್ಪಿದೆ. ಆದರೆ ಬೆಳಗಿನ ಜಾವ ಮೂರಕ್ಕೆ ಟ್ಯೂಬ್ ಬದಲಿಸುವಾಗ ಹಳೆಯ ಬ್ಯಾಚ್ ಹಾಕಿದರೋ ಹೊಸದೋ ಅನ್ನೋದು ಎಲ್ಲೂ ದಾಖಲಾಗಿರದಿದ್ದರೆ ಯಾವ ಎಐ ಅದನ್ನು ಎಲ್ಲಿಂದ ತರಬೇಕು? ಕಣಿ ಕೇಳಬೇಕಷ್ಟೆ.

ಮಾಡಿ ತೋರಿಸಿದವರೂ ಇದ್ದಾರೆ. ಗುರುತ್ವ ಅಲೆಗಳನ್ನು ಲೇಸರ್‌ನಿಂದ ಅಳೆಯುವ ಅಮೆರಿಕದ ಲೈಗೋ ತನ್ನ ಡೇಟಾವನ್ನು ಬಿಡುಗಡೆ ಮಾಡುವಾಗ ಸೆಕೆಂಡು ಸೆಕೆಂಡಿಗೂ ಅದರ ಗುಣಮಟ್ಟದ ಗುರುತನ್ನು ಫೈಲಿನ ಒಳಗೇ ಇಟ್ಟಿರತ್ತೆ. ಪರೀಕ್ಷೆಗೆ ತಾವೇ ತೂರಿಸಿದ ನಕಲಿ ಸಂಕೇತ ಎಲ್ಲಿದೆ ಅನ್ನೋದೂ ಅದರಲ್ಲೇ ಇರತ್ತೆ. 2015ರ ಸೆಪ್ಟೆಂಬರ್ 14ರ ಆ ಮೊದಲ ಸಂಕೇತವನ್ನು ಇವತ್ತು ಕಾಲೇಜು ಹುಡುಗರು ತಮ್ಮ ಲ್ಯಾಪ್‌ಟಾಪಿನಲ್ಲಿ ಮತ್ತೆ ಕಂಡುಕೊಳ್ತಾರೆ. ಲೈಗೋ ತಂಡದ ಹೊರಗಿನ, ಪ್ರಿನ್ಸ್‌ಟನ್‌ನ ಒಂದು ಗುಂಪು ಇದೇ ತೆರೆದ ಡೇಟಾದಲ್ಲಿ ಕಪ್ಪುರಂಧ್ರಗಳ ಇನ್ನಷ್ಟು ಸಂಕೇತಗಳನ್ನು ಹೆಕ್ಕಿ ತೋರಿಸಿತು. ಹಿಂಗೋಲಿಯಲ್ಲಿ ನಮ್ಮದೇ ಲೈಗೋ-ಇಂಡಿಯಾಕ್ಕೆ 2023ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದೆ. ಅದು ಓಡಲು ಶುರುವಾದಾಗ ಈ ಸಂಪ್ರದಾಯವೂ ಜೊತೆಗೆ ಬರಲಿ. ಲೈಗೋಗೆ ಇದು ಸುಲಭ, ಅಲ್ಲಿ ಒಂದೇ ತಂಡ, ಒಂದೇ ಕೆಲಸ ಅಂತ ವಾದ ಮಾಡಬಹುದು. ನಿಜ. ಎಕ್ಸ್-ರೇ ಲೇಸರ್‌ಗೆ ಹೊಸ ಹೊಸ ತಂಡ, ಹೊಸ ಹೊಸ ಮಾದರಿ ಬರ್ತಾನೇ ಇರತ್ವೆ. ಹಾಗಿದ್ದ ಮೇಲೆ ಬರೆದಿಡೋದು ಇನ್ನೂ ಹೆಚ್ಚು ಬೇಕಲ್ವಾ?

ಮುಂದೆ ಕಷ್ಟ ಹೆಚ್ಚತ್ತೆ. ಕ್ಯಾಲಿಫೋರ್ನಿಯಾದ ಎಲ್‌ಸಿಎಲ್‌ಎಸ್ ಮೊದಲು ಸೆಕೆಂಡಿಗೆ 120 ಮಿಂಚು ಕೊಡುತ್ತಿತ್ತು. 2023ರಲ್ಲಿ ಮೊದಲ ಬೆಳಕು ಕಂಡ ಅದರ ಹೊಸ ರೂಪದ ಗುರಿ ಸೆಕೆಂಡಿಗೆ ಹತ್ತು ಲಕ್ಷದವರೆಗೆ. ಅಷ್ಟನ್ನೂ ಇಟ್ಟುಕೊಳ್ಳುವ ಡಿಸ್ಕು ಯಾರ ಹತ್ತಿರವೂ ಇಲ್ಲ. ಬರುಬರುತ್ತಲೇ ಜರಡಿ ಹಿಡಿದು ಬಹುಪಾಲು ಎಸೆಯಲೇಬೇಕು. ಜರಡಿಯ ಕಣ್ಣು ಎಷ್ಟಿತ್ತು, ಅದನ್ನು ಯಾರು ಯಾಕೆ ಹಾಗೆ ಇಟ್ಟರು ಅನ್ನೋದನ್ನು ಬರೆದಿಡದಿದ್ದರೆ, ಎಸೆದದ್ದರಲ್ಲಿ ಏನು ಹೋಯಿತು ಅಂತ ಕೇಳಲು ‘ರಾ’ ಫೋಲ್ಡರೂ ಇರಲ್ಲ.

ಆದ್ದರಿಂದ ನನ್ನ ಬೇಡಿಕೆ ಸಣ್ಣದು, ಹಟ ದೊಡ್ಡದು. ಡೇಟಾಕ್ಕೆ ಡಿಒಐ ಕೊಡುವ ಮುಂಚೆ ಕೇಂದ್ರಗಳು ರನ್ ಪಟ್ಟಿ ಕೇಳಲಿ: ನಂಬರ್, ಮಾದರಿ, ಬ್ಯಾಚ್, ಯಾವ ಡಾರ್ಕ್ ಇದಕ್ಕೆ ಸೇರಿದ್ದು, ಏನು ಕೈಕೊಟ್ಟಿತು. ಆ ಪಟ್ಟಿಯೂ ‘ರಾ’ ಪಕ್ಕದಲ್ಲೇ ಇರಲಿ, ತಿದ್ದಿದರೆ ತಿದ್ದಿದವರ ಹೆಸರು ಉಳಿಯುವ ಹಾಗೆ. ಅದನ್ನು ಬರೆದ ವಿದ್ಯಾರ್ಥಿಯ ಹೆಸರು ಪೇಪರಿನಲ್ಲಿ ಲೇಖಕರ ಸಾಲಿನಲ್ಲಿ ಬರಲಿ, ಕೃತಜ್ಞತೆಯ ಮೂಲೆಯಲ್ಲಲ್ಲ. ಮತ್ತೆ ಬೀಮ್‌ಟೈಮ್ ಬೇಕು ಅಂತ ಅರ್ಜಿ ಹಾಕುವವರು ಹೋದ ಸಲದ ಪಟ್ಟಿಯನ್ನು ಲಗತ್ತಿಸಲಿ. ಪಟ್ಟಿ ಇಲ್ಲದ ಅರ್ಜಿಯನ್ನು ಓದದೆ ವಾಪಸ್ ಕಳಿಸಿ ನೋಡಿ, ಟೈಮಿಲ್ಲ ಅಂತಿದ್ದವರಿಗೆಲ್ಲ ಆ ವಾರವೇ ಟೈಮ್ ಸಿಗತ್ತೆ.