ಸ್ವಯಂಸೇವೆಯೆಂಬ ಹೆಸರಿನ ಕೂಲಿ

ಹೊಸದಾಗಿ ಕಂಡುಹಿಡಿದ ಔಷಧವನ್ನು ರೋಗಿಗಳಿಗೆ ಕೊಡುವ ಮುನ್ನ, ಬಹುಮಟ್ಟಿಗೆ, ಕೆಲವು ಮಂದಿ ನಿರೋಗಿಗಳಿಗೆ ಕೊಟ್ಟು ಪರೀಕ್ಷಿಸುವುದು ಇಂದಿನ ವೈದ್ಯವಿಜ್ಞಾನದ ಕ್ರಮವಾಗಿದೆ. ಹಳೆಯ ಔಷಧವನ್ನೇ ಬೇರೊಂದು ಕಂಪನಿಯು ತಯಾರಿಸಿದಾಗಲೂ, ಅದು ಮೂಲ ಔಷಧದಷ್ಟೇ ಪ್ರಮಾಣದಲ್ಲಿ, ಅಷ್ಟೇ ವೇಗದಲ್ಲಿ ರಕ್ತಗತವಾಗುವುದೇ ಎಂಬುದನ್ನು ಆರೋಗ್ಯವಂತರ ಶರೀರದಲ್ಲಿಯೇ ಅಳೆಯುತ್ತಾರೆ. ಹೀಗೆ ಶರೀರವನ್ನು ಒಡ್ಡುವವರಿಗೆ 'ಆರೋಗ್ಯವಂತ ಸ್ವಯಂಸೇವಕ'ರೆಂದು ಹೆಸರು. ಪರೀಕ್ಷೆಯ ಬಗ್ಗೆ ನಮ್ಮ ತಕರಾರಿಲ್ಲ. ತಕರಾರಿರುವುದು ಈ ಹೆಸರಿನ ಬಗ್ಗೆ.

ಹಿರಿಯೂರಿನ ಬಸ್ ನಿಲ್ದಾಣದಲ್ಲಿ ಒಂದು ಬೆಳಿಗ್ಗೆ, ಬೆಂಗಳೂರಿನ ಬಸ್ಸಿನಿಂದ ಇಳಿದ ಯುವಕನೊಬ್ಬ ನನ್ನನ್ನು ಕಂಡು ನಮಸ್ಕರಿಸಿದನು. ಹಿಂದೆ ನನ್ನಲ್ಲಿ ಓದಿದವನು. ಹೊಸದುರ್ಗದ ಕಡೆಯ ಹಳ್ಳಿ. ನಾಲ್ಕು ಎಕರೆ ತೆಂಗು, ಬತ್ತಿಹೋದ ಕೊಳವೆಬಾವಿ, ಅದನ್ನು ಕೊರೆಸಿದ ಸಾಲ. ಮೊಣಕೈಯ ಒಳಬದಿಯಲ್ಲಿ ಹಸಿರುಗಟ್ಟಿದ ಕಲೆಯಿತ್ತು. ಆಸ್ಪತ್ರೆಗೆ ಸೇರಿದ್ದೆಯೇನಪ್ಪಾ ಎಂದು ಕೇಳಿದೆ. "ಇಲ್ಲ ಮೇಷ್ಟ್ರೇ, ಮಾತ್ರೆ ನುಂಗೋ ಕೆಲಸ. ಅವ್ವಂಗೆ ಹೇಳಬ್ಯಾಡಿ, ಬಣ್ಣ ಬಳಿಯೋಕೆ ಹೋಗಿದ್ದೆ ಅಂತ ಹೇಳಿದ್ದೀನಿ" ಎಂದನು. ಅವನ ಬಾಯಲ್ಲಿ ಬಂದ ಮಾತನ್ನು ಓದುಗರು ಗಮನಿಸಬೇಕು. ಸೇವೆ ಎನ್ನಲಿಲ್ಲ ಅವನು, ಕೆಲಸ ಎಂದನು.

ಆ ಕೆಲಸವಾದರೂ ಎಂತಹುದು? ಹಿಂದಿನ ದಿನವೇ ಪರೀಕ್ಷಾ ಕೇಂದ್ರಕ್ಕೆ ಹೋಗಿ ಸೇರಬೇಕು. ರಾತ್ರಿಯಿಡೀ ಸುಮಾರು 10 ಗಂಟೆಗಳ ಉಪವಾಸ. ಬೆಳಿಗ್ಗೆ ರಕ್ತನಾಳಕ್ಕೆ ಸಣ್ಣ ಕೊಳವೆಯೊಂದನ್ನು ತೂರಿಸಿ, ಮಾತ್ರೆ ನುಂಗಿಸಿ, ಮೊದಲು ನಿಮಿಷಗಳ ಅಂತರದಲ್ಲಿ, ಅನಂತರ ಗಂಟೆಗಳ ಅಂತರದಲ್ಲಿ ಹತ್ತಾರು ಬಾರಿ ರಕ್ತವನ್ನು ತೆಗೆಯುತ್ತಾರೆ. ಆ ಔಷಧವು ದೇಹದಿಂದ ಸಂಪೂರ್ಣವಾಗಿ ಹೊರಹೋಗಲು ಕೆಲವು ದಿನ ಬಿಟ್ಟು, ಇನ್ನೊಂದು ಕಂಪನಿಯ ಮಾತ್ರೆಯನ್ನು ಕೊಟ್ಟು ಅದೇ ವಿಧಿಯನ್ನು ಪುನಃ ನಡೆಸುತ್ತಾರೆ. ಎರಡು ಸಲದ ರಕ್ತವನ್ನೂ ಹೋಲಿಸಿ ಲೆಕ್ಕ ಹಾಕಿದಾಗ ಅನುಪಾತವು ನೂರಕ್ಕೆ 80ರಿಂದ 125ರ ಮಿತಿಯೊಳಗೆ ಬಂದರೆ ಎರಡೂ ಮಾತ್ರೆಗಳು ಸಮಾನವೆಂದು ತೀರ್ಮಾನ.

ರಕ್ತದೊತ್ತಡಕ್ಕೆಂದು ನಾನು ದಿನವೂ ಮಾತ್ರೆ ತೆಗೆದುಕೊಳ್ಳುತ್ತೇನೆ. ಜನೌಷಧಿ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆಂದು ಸಂತೋಷವನ್ನೂ ಪಡುತ್ತೇನೆ. ಎಲ್ಲ ಮಾತ್ರೆಗಳಿಗೂ ಈ ಪರೀಕ್ಷೆ ನಡೆದಿರುವುದಿಲ್ಲ, ನಿಜ. ಆದರೆ ಇಂತಹ ಅಗ್ಗದ ಮಾತ್ರೆಗಳಲ್ಲಿ ಅನೇಕವು ಯಾರೋ ಒಬ್ಬನ ತೋಳಿನ ಮೂಲಕವೇ ನಮ್ಮ ಮನೆಗೆ ಬಂದಿರುತ್ತವೆ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನವರು ಅದನ್ನು ಹಿಂದಿರುಗಿಸಿ ಬರಲು ಹೇಳಿದ ಪ್ರಸಂಗ ನಮ್ಮೆಲ್ಲರಿಗೂ ಕಂಠಪಾಠ. ಮನೆಗೆ ಬಂದ ಅಕ್ಕಿಯನ್ನು ಪ್ರಶ್ನಿಸಿದ ಆ ತಾಯಿಯನ್ನು ಕೊಂಡಾಡುವ ನಾವು, ಮನೆಗೆ ಬಂದ ಮಾತ್ರೆಯನ್ನು ಕುರಿತು ಎಂದಾದರೂ ಕೇಳಿದ್ದೇವೆಯೇ?

ಕೇಳುವುದಿರಲಿ, ಆ ಹುಡುಗನ ಗುಟ್ಟು ಹೊರಬಿದ್ದರೆ ನಮ್ಮವರು ಆಡುವ ಮಾತನ್ನು ನಾನು ಬಲ್ಲೆ. ಲಿಂಗಧಾರಣೆ ಮಾಡಿದ ಕಾಯವನ್ನು ಹಣಕ್ಕೆ ಒತ್ತೆಯಿಡುವುದೇ, ಇದಕ್ಕಿಂತ ತಿರಿದು ತಿನ್ನಬಾರದೇ ಎಂದು ಕಟ್ಟೆಯ ಮೇಲೆ ಕುಳಿತು ತೀರ್ಪು ಕೊಡುವವರು ಬಹಳ. ಕೊಡುವುದು ಪಾಪವಾದರೆ, ಕೊಟ್ಟಿದ್ದರ ಫಲವನ್ನು ನೀರಿನೊಡನೆ ನುಂಗುವುದು ಯಾವ ಪುಣ್ಯ? ಬಿಸಿಲಲ್ಲಿ ಕಲ್ಲು ಒಡೆದು ಬೆನ್ನು ಮುರಿದುಕೊಂಡರೆ ಕಾಯಕ, ಮಂಚದ ಮೇಲೆ ಮಲಗಿ ರಕ್ತ ಕೊಟ್ಟರೆ ಭ್ರಷ್ಟತೆ ಎಂಬ ವಿವೇಚನೆ ಶರಣರದಂತೂ ಅಲ್ಲ.

ಇನ್ನು ಔಷಧೋದ್ಯಮದವರ ವಾದ. ಇದು ಮಾನವಕುಲದ ಸೇವೆ, ಕೊಡುವ ಹಣವು ಕಾಲವ್ಯಯಕ್ಕೂ ಪ್ರಯಾಣಕ್ಕೂ ಸಲ್ಲುವ ಪರಿಹಾರ ಮಾತ್ರ, ಕೂಲಿಯಲ್ಲ ಎನ್ನುತ್ತಾರೆ. ಒಳ್ಳೆಯದು. ಇದು ದಾಸೋಹವೇ ಆಗಿದ್ದಲ್ಲಿ ಉಳ್ಳವರು ಮೊದಲು ಬರಬೇಕಷ್ಟೆ. ಹೊಳಲ್ಕೆರೆಯ ದೊಡ್ಡ ಅಡಿಕೆ ತೋಟದ ಧಣಿಗಳ ಮಕ್ಕಳು, ಚಿತ್ರದುರ್ಗದ ಅಧಿಕಾರಿಗಳ ಮಕ್ಕಳು, ಆ ಕಂಪನಿಗಳ ನಿರ್ದೇಶಕರ ಮಕ್ಕಳು ಆ ಮಂಚಗಳ ಮೇಲೆ ಏಕೆ ಕಾಣಸಿಗುವುದಿಲ್ಲ? 2011ರಲ್ಲಿ ಆಂಧ್ರದ ಗುಂಟೂರು ಜಿಲ್ಲೆಯ ಪಿಡುಗುರಾಳ್ಳದಿಂದ ಹೈದರಾಬಾದಿಗೆ ಕರೆದೊಯ್ಯಲ್ಪಟ್ಟವರು ಬಡ ಮಹಿಳೆಯರು. 2017ರಲ್ಲಿ ತೆಲಂಗಾಣದ ಕರೀಂನಗರ ಸೀಮೆಯ ಹಳ್ಳಿಗಳಿಂದ ಇಂತಹ ಪರೀಕ್ಷೆಗಳಿಗೆ ಹೋಗುತ್ತಿದ್ದ ಸಂಗತಿ ಪತ್ರಿಕೆಗಳಲ್ಲಿ ಬಂದಾಗಲೂ ಹೋಗಿದ್ದವರು ಕೈ ಬರಿದಾದ ಯುವಕರೇ. ಬಡತನ ಇರುವಲ್ಲಿ ಮಾತ್ರ ಹುಟ್ಟುವ ಸೇವಾಭಾವವನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಸರ್ಕಾರದ ನಿಯಮವೇ ಈ ವೇಷವನ್ನು ಕಳಚಿಡುತ್ತದೆ. 2019ರ ಹೊಸ ಔಷಧಗಳ ಹಾಗೂ ಕ್ಲಿನಿಕಲ್ ಪರೀಕ್ಷೆಗಳ ನಿಯಮಾವಳಿಯು ಒಳ್ಳೆಯ ಅಂಶಗಳಿಂದ ಕೂಡಿದೆ. ತಿಳಿಯುವ ಭಾಷೆಯಲ್ಲಿ ವಿವರಿಸಿ ಒಪ್ಪಿಗೆ ಪಡೆಯಬೇಕು, ಯಾವ ಗಳಿಗೆಯಲ್ಲಾದರೂ ಬಿಟ್ಟು ಹೊರಡುವ ಹಕ್ಕಿರಬೇಕು, ಹಾನಿಯಾದರೆ ಉಚಿತ ಚಿಕಿತ್ಸೆ ದೊರೆಯಬೇಕು. ಪರೀಕ್ಷೆಯ ಕಾರಣದಿಂದ ಮರಣ ಸಂಭವಿಸಿದರೆ ಪರಿಹಾರಕ್ಕೊಂದು ಸೂತ್ರವನ್ನೂ ಕೊಟ್ಟಿದೆ: ಮೂಲ ಮೊತ್ತ 8 ಲಕ್ಷ ರೂಪಾಯಿ, ಆರೋಗ್ಯವಂತನಾಗಿದ್ದವನಿಗೆ ಎಲ್ಲಕ್ಕಿಂತ ಹೆಚ್ಚಿನ ಗುಣಕ, ಅಂದರೆ 4, ವಯಸ್ಸಿಗೆ ತಕ್ಕ ಗುಣಕವನ್ನು ತೆಗೆದುಕೊಂಡಿರುವುದು ಎಲ್ಲಿಂದ ಬಲ್ಲಿರಾ? ಕಾರ್ಮಿಕರ ಪರಿಹಾರ ಕಾಯ್ದೆಯ ಕೋಷ್ಟಕದಿಂದ! ಬದುಕಿರುವಾಗ ಸ್ವಯಂಸೇವಕ, ಸತ್ತ ಮೇಲೆ ಕಾರ್ಮಿಕ. ಸತ್ತವನಿಗೆ ಸಲ್ಲುವ ಆ ಗೌರವವನ್ನು ಬದುಕಿರುವವನಿಗೇ ಸಲ್ಲಿಸಿ ಎಂಬುದಿಷ್ಟೇ ನಮ್ಮ ಕೇಳಿಕೆ.

ಭಯ ಹುಟ್ಟಿಸುವುದು ನನ್ನ ಉದ್ದೇಶವಲ್ಲ. ಬಳಕೆಯಲ್ಲಿರುವ ಔಷಧಗಳ ಹೋಲಿಕೆಯಲ್ಲಿ ಅಪಾಯ ಕಡಿಮೆ. ಮೊಟ್ಟಮೊದಲ ಬಾರಿ ಮನುಷ್ಯನಿಗೆ ಕೊಡುವ ಔಷಧದ ಮಾತು ಬೇರೆ: 2006ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಆರು ಮಂದಿ ಆರೋಗ್ಯವಂತರು ಒಮ್ಮೆಗೇ ಮರಣಾಂತಿಕ ಸ್ಥಿತಿಗೆ ಬಂದರು, 2016ರಲ್ಲಿ ಫ್ರಾನ್ಸಿನ ರೆನ್ ನಗರದಲ್ಲಿ ಒಬ್ಬನು ತೀರಿಕೊಂಡನು. ಎಂತಹ ಪರೀಕ್ಷೆಗೆ ಹೋಗುತ್ತಿದ್ದೇನೆಂಬ ಈ ಭೇದವನ್ನೇ ಅರಿಯದೆ ಹೋಗುವವನ ವಿಷಯದಲ್ಲಿ ನನಗೆ ಚಿಂತೆ.

ಗುಟ್ಟಿನಲ್ಲಿ ಹೋಗುವವನ ವಿಷಯದಲ್ಲಿ ಅದಕ್ಕಿಂತಲೂ ಹೆಚ್ಚು. ಒಂದು ಪರೀಕ್ಷೆ ಮುಗಿದ ಮೇಲೆ ಮತ್ತೊಂದಕ್ಕೆ ಸಾಮಾನ್ಯವಾಗಿ ಮೂರು ತಿಂಗಳ ಬಿಡುವು ಬೇಕೆನ್ನುತ್ತಾರೆ. ಸಾಲಗಾರ ಮೂರು ತಿಂಗಳು ಕಾಯುವುದಿಲ್ಲ. ಹುಡುಗನು ಮೊದಲನೆಯದನ್ನು ಮರೆಮಾಚಿ ಬೇರೆ ಕೇಂದ್ರದ ಬಾಗಿಲು ತಟ್ಟಿದರೆ ಅವನ ದೇಹಕ್ಕೂ ಕೇಡು, ಪರೀಕ್ಷೆಯ ಸತ್ಯಕ್ಕೂ ಕೇಡು. ಫ್ರಾನ್ಸಿನಲ್ಲಿ 1988ರ ಕಾನೂನಿನಿಂದಲೇ ಇಂಥವರಿಗಾಗಿ ರಾಷ್ಟ್ರೀಯ ದಾಖಲೆಪುಸ್ತಕವೊಂದು ಏರ್ಪಟ್ಟಿದೆ. ಕಂಪನಿಗಳು ತಮ್ಮತಮ್ಮೊಳಗೆ ಇಟ್ಟುಕೊಳ್ಳುವ ಪಟ್ಟಿ ಸಾಲದು. ಸರ್ಕಾರದ್ದೇ ಆದ, ಎಲ್ಲ ಕೇಂದ್ರಗಳನ್ನೂ ಕಟ್ಟಿಹಾಕುವ ದಾಖಲೆ ನಮಗೆ ಬೇಕು. ದಿನಗೂಲಿಯ ದರ ಬಹಿರಂಗವಾಗಿರಲಿ. ಇಡೀ ಹಣವನ್ನು ಕಡೆಯ ದಿನಕ್ಕೆ ಕಟ್ಟಿಡುವುದು ಎಲ್ಲಿಯೂ ಬೇಡ. ಹಾಗೆ ಕಟ್ಟಿಟ್ಟಲ್ಲಿ ತಲೆ ಸುತ್ತುತ್ತಿದ್ದರೂ ಚೆನ್ನಾಗಿದ್ದೇನೆ ಎನ್ನುವವನೇ ಹೆಚ್ಚು. ಚಿತ್ರದುರ್ಗದಲ್ಲಿ ವೈದ್ಯಕೀಯ ಕಾಲೇಜಿದೆ. ನಮ್ಮ ಮಠಗಳ ವಿದ್ಯಾರ್ಥಿನಿಲಯಗಳು ತಾಲ್ಲೂಕುಗಳಲ್ಲಿಯೂ ಇವೆ. ಅಲ್ಲಿಯ ವೈದ್ಯರು ಇಲ್ಲಿಯ ಹುಡುಗರಿಗೆ ಒಪ್ಪಿಗೆಪತ್ರವನ್ನು ಓದುವುದು ಹೇಗೆಂದು ಒಂದು ಸಂಜೆ ತಿಳಿಸಿಕೊಡುವುದಕ್ಕೆ ಯಾವ ಸರ್ಕಾರದ ಅಪ್ಪಣೆಯೂ ಬೇಕಾಗಿಲ್ಲ.

ಆ ಹುಡುಗನ ಚೀಲದಲ್ಲಿ ಒಪ್ಪಿಗೆಪತ್ರದ ಪ್ರತಿಯಿತ್ತು. ನಿಲ್ದಾಣದ ಬೆಂಚಿನ ಮೇಲೆ ಕುಳಿತು ಇಬ್ಬರೂ ಓದಿದೆವು. ಕನ್ನಡದಲ್ಲಿಯೇ ಇತ್ತು, ತಪ್ಪೂ ಇರಲಿಲ್ಲ. ಪುಟಪುಟಕ್ಕೂ ಅವನ ಸಹಿ. ಜ್ವರವೋ ವಾಂತಿಯೋ ಬಂದರೆ ಕರೆಯಬೇಕಾದ ದೂರವಾಣಿ ಸಂಖ್ಯೆ ಕೊನೆಯ ಪುಟದಲ್ಲಿತ್ತು. "ನಿನಗೇ ಪ್ರಜ್ಞೆ ತಪ್ಪಿದರೆ ಕರೆಯುವವರು ಯಾರು?" ಎಂದೆ. ಅವನು ಕಾಗದವನ್ನು ಮಡಿಸಿ ಅಂಗಿಯ ಜೇಬಿಗೆ ಸೇರಿಸಿದನು. ಹೊಸದುರ್ಗದ ಬಸ್ಸು ಬಂದಿತು.