ಕೀಪರ್ ಹುಡುಗನಿಗೆ ಮೊದಲು ಡಿಗ್ರಿಯೋ, ಮೈದಾನವೋ?

ಬೂದಿಗೆರೆಯಂಥ ಊರಿನಲ್ಲಿ ಹದಿನೆಂಟು ವರ್ಷದ ಹುಡುಗನೊಬ್ಬ ಚೆನ್ನಾಗಿ ವಿಕೆಟ್ ಕೀಪಿಂಗ್ ಮಾಡುತ್ತಾನೆ ಅಂದುಕೊಳ್ಳೋಣ. ದೇವನಹಳ್ಳಿಯಲ್ಲೋ ಹೊಸಕೋಟೆಯಲ್ಲೋ ಡಿಗ್ರಿಗೆ ಸೇರಿದ್ದಾನೆ. ಬೆಂಗಳೂರಿನ ಕ್ಲಬ್ಬೊಂದು ಡಿವಿಷನ್ ಲೀಗ್ ಆಡಲು ಕರೆದಿದೆ. ನೆಟ್ಸ್‌ಗೆ ಹೋದರೆ ಕ್ಲಾಸ್ ಇಲ್ಲ, ಕ್ಲಾಸಿಗೆ ಹೋದರೆ ನೆಟ್ಸ್ ಇಲ್ಲ. ಅಮೆರಿಕದ ಕಾಲೇಜು ಬೇಸ್‌ಬಾಲ್‌ನಲ್ಲಿ ನಮ್ಮ ಕೀಪರ್‌ನಂತೆ ಬ್ಯಾಟರ್ ಹಿಂದೆ ಕೂರುವ ಕ್ಯಾಚರ್‌ನ ಮುಂದೆಯೂ ಇದೇ ಪ್ರಶ್ನೆ ಇರುತ್ತದೆ: ಪದವಿ ಮುಗಿಸುವುದೋ, ವೃತ್ತಿಪರ ಮೈನರ್ ಲೀಗ್‌ಗೆ ಸಹಿ ಹಾಕುವುದೋ? ನಮ್ಮ ಹುಡುಗ ಡಿಗ್ರಿ ಮುಗಿಸಿದ ಮೇಲೆಯೇ ಪೂರ್ತಿಯಾಗಿ ಕ್ರಿಕೆಟ್‌ಗೆ ಇಳಿಯಬೇಕೇ?

ಪರ: ಮೊದಲು ಡಿಗ್ರಿ ಕೈಗೆ ಬರಲಿ

ಹನ್ನೊಂದು ಜನರ ತಂಡದಲ್ಲಿ ಬೌಲರ್‌ಗಳಿಗೆ ನಾಲ್ಕೈದು ಜಾಗ, ಬ್ಯಾಟರ್‌ಗಳಿಗೆ ಐದಾರು, ಕೀಪರ್‌ಗೆ ಮಾತ್ರ ಒಂದೇ. ಅಲ್ಲಿ ಒಬ್ಬ ಗಟ್ಟಿಯಾಗಿ ನೆಲೆ ನಿಂತರೆ ಮಿಕ್ಕವರು ಎಷ್ಟೇ ಚುರುಕಾಗಿದ್ದರೂ ಕಾಯಬೇಕು. ಸೈಯದ್ ಕಿರ್ಮಾನಿ 1971ರಲ್ಲಿ ಭಾರತ ತಂಡದೊಂದಿಗೆ ಇಂಗ್ಲೆಂಡಿಗೆ ಹೋದರು, 1974ರಲ್ಲಿ ಮತ್ತೆ ಹೋದರು. ಕೀಪರ್ ಜಾಗದಲ್ಲಿ ಫಾರೂಕ್ ಎಂಜಿನಿಯರ್ ಇದ್ದ ಕಾಲವದು. ಕಿರ್ಮಾನಿಗೆ ಮೊದಲ ಟೆಸ್ಟ್ ಸಿಕ್ಕಿದ್ದು 1976ರ ಜನವರಿಯಲ್ಲಿ, ಆಕ್ಲೆಂಡಿನಲ್ಲಿ. ಆಮೇಲೆ 88 ಟೆಸ್ಟ್ ಆಡಿದರು, 1983ರ ವಿಶ್ವಕಪ್ ಗೆದ್ದ ತಂಡದ ಕೀಪರ್ ಆದರು, ಅದೆಲ್ಲ ಸರಿ. ಅಂಥ ಕೈಗಳೇ ಇಷ್ಟು ವರ್ಷ ಕಾದಿವೆ. ಲೀಗ್ ಆಡುವ ಹುಡುಗ ಎಷ್ಟು ವರ್ಷ ಕಾಯಬೇಕಾದೀತು, ಆ ವರ್ಷಗಳಲ್ಲಿ ಅವನ ಮನೆ ಹೇಗೆ ನಡೆದೀತು?

ಜಾಗ ಸಿಕ್ಕ ಮೇಲೂ ಅದು ನಿಲ್ಲುತ್ತದೆಂಬ ಭರವಸೆಯಿಲ್ಲ. ಬೆಂಗಳೂರಿನ ಸದಾನಂದ ವಿಶ್ವನಾಥ್ 1985ರ ಮಾರ್ಚ್‌ನಲ್ಲಿ ವರ್ಲ್ಡ್ ಚಾಂಪಿಯನ್‌ಷಿಪ್ ಆಫ್ ಕ್ರಿಕೆಟ್‌ನ ಮೆಲ್ಬರ್ನ್ ಫೈನಲ್‌ನಲ್ಲಿ ಪಾಕಿಸ್ತಾನದ ಜಾವೇದ್ ಮಿಯಾಂದಾದರನ್ನು ಸ್ಟಂಪ್ ಮಾಡಿದಾಗ ದೇಶವೇ ಅವರನ್ನು ಕಿರ್ಮಾನಿಯ ಉತ್ತರಾಧಿಕಾರಿ ಎಂದುಕೊಂಡಿತು. ಅವರು ಆಡಿದ್ದು ಮೂರೇ ಟೆಸ್ಟ್, 22 ಏಕದಿನ ಪಂದ್ಯ. ಮೂವತ್ತು ತುಂಬುವ ಮೊದಲೇ ಭಾರತ ತಂಡದ ಬಾಗಿಲು ಮುಚ್ಚಿತ್ತು. ನಂತರ ಅಂಪೈರ್ ಆಗಿ ಮೈದಾನಕ್ಕೆ ಮರಳಿದರು. ಆ ಮರಳುವಿಕೆಯ ಬಗ್ಗೆ ನನಗೆ ಅಪಾರ ಗೌರವವಿದೆ, ಆದರೆ ಎಲ್ಲರಿಗೂ ಅಂಥ ದಾರಿ ತೆರೆಯುವುದಿಲ್ಲ.

ಹಿಂದೆ ಆಟಗಾರರಿಗೆ ಬ್ಯಾಂಕಿನ ಕೆಲಸವೆಂಬ ಆಸರೆ ಇತ್ತು. ಮೈಸೂರು ಬ್ಯಾಂಕ್ 2017ರಲ್ಲಿ, ವಿಜಯಾ ಬ್ಯಾಂಕ್ 2019ರಲ್ಲಿ, ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ಲೀನವಾದವು, ತಟ್ಟಬಹುದಾದ ಬಾಗಿಲುಗಳು ಅಷ್ಟು ಕಡಿಮೆಯಾದವು. ಊರಿನ ಇನ್ನೊಂದು ಆಸರೆ ಜಮೀನು, ಆದರೆ ಈಗ ಬೂದಿಗೆರೆಯ ಸುತ್ತ ಹೊಲಗಳು ಲೇಔಟ್ ಆಗುತ್ತಿವೆ. ಜಮೀನು ಮಾರಿದ ಮನೆಗೆ ಸ್ವಲ್ಪ ದಿನ ದುಡ್ಡು ಓಡಾಡಬಹುದು. ಮಾರಲು ಜಮೀನೇ ಇಲ್ಲದ ಮನೆಯ ಹುಡುಗನಿಗೆ ಬೆರಳು ಮುರಿದ ಒಂದು ಸೀಸನ್ ಸಾಕು, ಎಲ್ಲವೂ ನಿಂತುಹೋಗುತ್ತದೆ.

ಓದಿನಿಂದ ಆಟ ಕೆಡುತ್ತದೆ ಅನ್ನುವವರು ಅನಿಲ್ ಕುಂಬ್ಳೆಯವರನ್ನು ನೋಡಲಿ. 1990ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಮೊದಲ ಟೆಸ್ಟ್ ಆಡಿದರು, ಮುಂದಿನ ಟೆಸ್ಟ್ ಸಿಕ್ಕಿದ್ದು 1992ರಲ್ಲಿ. ಆ ನಡುವೆ ಆರ್.ವಿ. ಕಾಲೇಜಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿಕೊಂಡರು. 619 ಟೆಸ್ಟ್ ವಿಕೆಟ್‌ಗಳಿಗೆ ಆ ಪದವಿ ಅಡ್ಡ ಬರಲಿಲ್ಲ.

ವಿರೋಧ: ಆಟದ ವಯಸ್ಸು ಕಾಯುವುದಿಲ್ಲ

ಕುಂಬ್ಳೆ ಭಾರತ ತಂಡ ಮುಟ್ಟಿದ ಮೇಲೆ ಎಂಜಿನಿಯರಿಂಗ್ ಮುಗಿಸಿದವರು. ಮೊದಲು ಆಟ, ಆಮೇಲೆ ಸರ್ಟಿಫಿಕೇಟ್. ಆ ಉದಾಹರಣೆ ನನ್ನ ವಾದಕ್ಕೇ ಹೆಚ್ಚು ಹೊಂದುತ್ತದೆ. ಸದಾನಂದರು ಮೆಲ್ಬರ್ನ್‌ನಲ್ಲಿ ಮಿಂಚಿದಾಗ ಅವರಿಗೆ 22. ಡಿಗ್ರಿ ಮುಗಿಸಿ ಆಮೇಲೆ ನೋಡೋಣ ಎಂದು ಕೂತಿದ್ದರೆ ಆ ಸಂಜೆ ಬರುತ್ತಿತ್ತೇ?

ಲೆಕ್ಕ ಬಹಳ ಸರಳ. ಡಿಗ್ರಿಯ ಮೂರು ವರ್ಷ ಹದಿನೆಂಟರಿಂದ ಇಪ್ಪತ್ತೊಂದು. ರಾಜ್ಯದ 19 ವರ್ಷದೊಳಗಿನ ಮತ್ತು 23 ವರ್ಷದೊಳಗಿನ ತಂಡಗಳ ಆಯ್ಕೆಗಾರರು ಹುಡುಗರನ್ನು ನೋಡುವುದೂ ಆ ವರ್ಷಗಳಲ್ಲೇ. ಆಯ್ಕೆಯಾದರೆ ಬರುವ ಹಣವೂ ಕಡಿಮೆಯಲ್ಲ: ಬಿಸಿಸಿಐ 2021ರಲ್ಲಿ ನಿಗದಿ ಮಾಡಿದ ಪ್ರಕಾರ 19 ವರ್ಷದೊಳಗಿನವರಿಗೆ ಪಂದ್ಯದ ದಿನಕ್ಕೆ 20,000 ರೂಪಾಯಿ, 23 ವರ್ಷದೊಳಗಿನವರಿಗೆ 25,000. ನಾಲ್ಕು ದಿನದ ಒಂದು ಪಂದ್ಯಕ್ಕೆ ಒಂದು ಲಕ್ಷ. ಊರಿನಲ್ಲಿ ಬಿ.ಎ. ಮುಗಿಸಿ ಕೆಲಸ ಹುಡುಕುವ ಎಷ್ಟು ಮಕ್ಕಳಿಗೆ ಅಷ್ಟು ದುಡ್ಡು ಸಿಗುತ್ತದೆ?

ಕೀಪರ್‌ಗೆ ಒಂದೇ ಜಾಗ ಅನ್ನುವ ಮಾತೂ ಹಳೆಯದಾಯಿತು. ರಾಹುಲ್ ದ್ರಾವಿಡ್ ಹುಡುಗನಾಗಿದ್ದಾಗ ಕೀಪಿಂಗ್ ಮಾಡುತ್ತಿದ್ದರು, ನಂತರ ಬ್ಯಾಟಿಂಗಿಗೆ ಒತ್ತು ಕೊಟ್ಟರು. 2003ರ ವಿಶ್ವಕಪ್‌ನಲ್ಲಿ ತಂಡಕ್ಕೆ ಹೆಚ್ಚುವರಿ ಬ್ಯಾಟರ್ ಬೇಕಾದಾಗ ಅವರೇ ಗ್ಲೌಸ್ ತೊಟ್ಟರು. ಮಂಗಳೂರಿನ ಕೆ.ಎಲ್. ರಾಹುಲ್ ಬ್ಯಾಟರ್ ಆಗಿ ಬೆಳೆದು ಟೆಸ್ಟ್‌ನಲ್ಲೂ ಸ್ಟಂಪ್ ಹಿಂದೆ ನಿಂತರು. ಬ್ಯಾಟಿಂಗ್ ಬಲ್ಲ ಕೀಪರ್‌ಗೆ ಎರಡು ಬಾಗಿಲು. ಎರಡನ್ನೂ ತಟ್ಟಲು ಬೇಕಾದ್ದು ದಿನವಿಡೀ ಅಭ್ಯಾಸ. ಕ್ಲಾಸು ಮುಗಿಸಿ ಬಸ್ಸಿಗೆ ಕಾದು ಊರು ಸೇರುವ ಹೊತ್ತಿಗೆ ಬೆಳಕೇ ಇರುವುದಿಲ್ಲ. ಕೀಪರ್‌ನ ಕಾಲು ಮತ್ತು ಕಣ್ಣು ಹದಗೊಳ್ಳುವುದು ಸಾವಿರಾರು ಎಸೆತಗಳಿಗೆ ಕುಕ್ಕರಗಾಲಿನಲ್ಲಿ ಕೂತು ಎದ್ದಾಗ. ಭಾನುವಾರ ಮಾತ್ರ ಆಡಿ ಅದು ಬರುವುದಿಲ್ಲ.

ಕೈಬಿಟ್ಟ ಓದನ್ನು ಮುಂದೆ ಹಿಡಿಯಲು ಮೈಸೂರಿನ ಮುಕ್ತ ವಿಶ್ವವಿದ್ಯಾಲಯವಿದೆ. ಅಮೆರಿಕದಲ್ಲಂತೂ ಮೈನರ್ ಲೀಗ್‌ಗೆ ಸಹಿ ಹಾಕುವ ಆಟಗಾರ, ಮುಂದೆ ಕಾಲೇಜಿಗೆ ಮರಳಿದರೆ ಅದರ ಖರ್ಚನ್ನು ಕ್ಲಬ್ಬೇ ಕೊಡಬೇಕೆಂದು ಒಪ್ಪಂದದಲ್ಲೇ ಬರೆಸಿಕೊಳ್ಳಬಹುದು. ನಮ್ಮಲ್ಲಿ ಕೇಳಬೇಕಾದ್ದು ಇದನ್ನೇ. ರಾಜ್ಯದ ಟಿ20 ಲೀಗ್ ಆದ ಮಹಾರಾಜ ಟ್ರೋಫಿಯ ತಂಡಗಳು ಹುಡುಗನನ್ನು ಕೊಂಡುಕೊಳ್ಳುವಾಗ ಅವನ ಫೀಸಿಗೂ ಒಂದು ಸಾಲು ಸೇರಿಸಲಿ. ರಾಜ್ಯ ತಂಡಕ್ಕೆ ಆಡುತ್ತಿದ್ದ ದಿನ ಪರೀಕ್ಷೆ ತಪ್ಪಿದವನಿಗೆ ಕಾಲೇಜು ಅದೇ ಸೆಮಿಸ್ಟರಿನಲ್ಲಿ ಮರುಪರೀಕ್ಷೆ ಕೊಡಲಿ. ಅಷ್ಟಾಗುವವರೆಗೆ, ಕ್ಲಬ್ ಕರೆದಾಗ ಹುಡುಗ ಹೋಗಲಿ.