ಮಳೆ ಅವರದು, ಮಾತು ಯಾರದು?



ಮೊನ್ನೆ ಹಾಸ್ಟೆಲ್ಲಿನಲ್ಲಿ ಒಂದೇ ಮೊಬೈಲಿನ ಸುತ್ತ ಹತ್ತು ಜನ ಕೂತು ಮತ್ತೆ 'ಮುಂಗಾರು ಮಳೆ' ನೋಡಿದೆವು. ಯೋಗರಾಜ ಭಟ್ಟರ ಈ ಸಿನಿಮಾ ತೆರೆಗೆ ಬಂದದ್ದು 2006ರ ಡಿಸೆಂಬರಿನಲ್ಲಿ. ಆಗ ನಾವು ಇನ್ನೂ ಸಣ್ಣವರು. ಆದರೂ ಗಣೇಶನ ಮಾತು ನಮಗೆಲ್ಲ ಬಾಯಿಪಾಠ. ಗಿಲ್ಲೆಸುಗೂರಿನ ಕಟ್ಟೆ ಮೇಲಿನ ಹುಡುಗರಿಗೂ ಬಾಯಿಪಾಠ. ಇಷ್ಟ ಆಯ್ತೇನು ಅಂತ ಕೇಳಿದರೆ, ಹೌದು. ಸಿಟ್ಟು ಬಂತೇನು ಅಂದರೆ, ಅದೂ ಹೌದು. ಎರಡನ್ನೂ ಮುಚ್ಚಿಡದೆ ಬರೆಯುತ್ತೇವೆ.

ಮೊದಲು ಇಷ್ಟವಾದದ್ದು. ಈ ನಾಯಕ ಪ್ರೀತಮ್ ಲಾಂಗು ಹಿಡಿದು ಬರುವುದಿಲ್ಲ. ಅವನ ಬಲ ಇರುವುದೇ ಮಾತಿನಲ್ಲಿ. ತನ್ನನ್ನೇ ತಾನು ಗೇಲಿ ಮಾಡಿಕೊಳ್ಳುತ್ತಾನೆ. ದೇವದಾಸ ಎಂಬ ಮೊಲದ ಜೊತೆ ಕೂತು ದುಃಖ ಹೇಳಿಕೊಳ್ಳುತ್ತಾನೆ. ಕೈಯಲ್ಲಿ ಕಾಸಿಲ್ಲದ ನಮಗೂ ಇರುವ ಆಸ್ತಿ ಮಾತೊಂದೇ ಅಲ್ಲವೇ? ಅದಕ್ಕೇ ನಕ್ಕೆವು. ಮೊಲ ಸತ್ತಾಗ ಕಣ್ಣೂ ಒರೆಸಿಕೊಂಡೆವು. ಇದರಲ್ಲಿ ನಾಚಿಕೆ ಏನಿಲ್ಲ.

ಇನ್ನು ಸಿಟ್ಟು. ಬೆಂಗಳೂರಿನ ಮಾಲ್ ಮುಂದೆ ಹುಡುಗಿಯನ್ನು ನೋಡುತ್ತಾ ನಾಯಕ ಮ್ಯಾನ್‌ಹೋಲಿಗೆ ಬೀಳುತ್ತಾನೆ. ಹುಡುಗಿ ಮೇಲೆತ್ತುತ್ತಾಳೆ. ಅಲ್ಲಿಂದ ಪ್ರೀತಿ ಶುರು. ಎಲ್ಲರೂ ನಕ್ಕರು. ನಮ್ಮ ಕೋಣೆಯಲ್ಲಿ ಒಬ್ಬ ಮಾತ್ರ ನಗಲಿಲ್ಲ. "ಅದರೊಳಗ ಇಳಿದು ಕೆಲಸ ಮಾಡೋರು ಯಾರು ಗೊತ್ತೇನ್ರೋ?" ಅಂದ. ಕೋಣೆ ಗಪ್ಪಾಯಿತು. ಮಲ ಹೊರಿಸುವುದನ್ನು ನಿಲ್ಲಿಸಲು ಹೊರಟವರು ಮಂತ್ರಿ ಬಿ. ಬಸವಲಿಂಗಪ್ಪ. 1973ರಲ್ಲಿ ಅವರು ಬೂಸಾ ಎಂಬ ಮಾತಾಡಿದ್ದಕ್ಕೆ ಹಾಸ್ಟೆಲ್ ಹುಡುಗರು ಪೆಟ್ಟು ತಿಂದರು. ಗುಂಡಿಗೆ ಮನುಷ್ಯನನ್ನು ಇಳಿಸಬಾರದೆಂದು 2013ರಲ್ಲಿ ಮತ್ತೊಂದು ಕಾನೂನೂ ಬಂತು. ಇಳಿದವರು ಸಾಯುವುದು ನಿಂತಿಲ್ಲ. ನಾಯಕನಿಗೆ ಅದು ಪ್ರೀತಿಯ ಬಾಗಿಲು, ನಮ್ಮವರಿಗೆ ಗೋರಿ.

ಮಳೆಯೂ ಹಂಗೇ. ಅಲ್ಲಿ ಮಡಿಕೇರಿ, ಜೋಗ, ಸುರಿದಷ್ಟೂ ಪ್ರೀತಿ. ಇಲ್ಲಿ ಮಳೆ ಕೈಕೊಟ್ಟರೆ ದೇವದುರ್ಗ, ಮಾನ್ವಿ ಕಡೆಯಿಂದ ಗಂಟುಮೂಟೆ ಕಟ್ಟಿ ಬೆಂಗಳೂರಿಗೆ ಗುಳೆ. ಅಂಥ ಮಾಲ್‌ಗಳಿಗೆ ಇಟ್ಟಿಗೆ ಹೊರುವವರಲ್ಲಿ ನಮ್ಮ ಅವ್ವ ಅಪ್ಪಂದಿರೂ ಇದ್ದಾರೆ. ಸಿನಿಮಾದಲ್ಲಿ ಅವರು ಕಾಣುವುದಿಲ್ಲ.

ದೊಡ್ಡ ಮಾತು ಇನ್ನೊಂದಿದೆ. ಇಡೀ ಸಿನಿಮಾದಲ್ಲಿ ಯಾರೂ ಯಾರ ಜಾತಿಯನ್ನೂ ಕೇಳುವುದಿಲ್ಲ. ನಮ್ಮೂರಲ್ಲಿ ನೀರು ಕೊಡುವ ಮೊದಲೇ "ಯಾರ ಪೈಕಿ?" ಅಂತಾರೆ. ಸರಿ, ಜಾತಿ ಇಲ್ಲದ ಲೋಕವೆಂದೇ ಇಟ್ಟುಕೊಳ್ಳೋಣ. ಅಂಥ ಲೋಕದಲ್ಲೂ ನಂದಿನಿಯ ಮನಸ್ಸು ತಿರುಗಿದ ಮೇಲೆ ಪ್ರೀತಮ್ ಏನು ಮಾಡಿದ? ಹಿರಿಯರ ನಂಬಿಕೆ, ಮನೆತನದ ಮಾನ ಅಂತ ಬಿಟ್ಟುಕೊಟ್ಟ. ಮೊಲದ ಮುಂದೆ ಅಷ್ಟು ಮಾತಾಡಿದವನು ಅಪ್ಪನ ಮುಂದೆ ಬಾಯಿ ಬಿಡಲಿಲ್ಲ. ನಾವು ಅದಕ್ಕೆ ತ್ಯಾಗವೆಂದು ಸಿಳ್ಳೆ ಹಾಕಿದೆವು! ಹುಡುಗಿಯನ್ನು ಕೇಳದೆ ಮಾಡಿದ ತ್ಯಾಗ ಯಾರ ತ್ಯಾಗ? ಜಾತಿ ಉಳಿದಿರುವುದೇ ಈ ವಿಧೇಯತೆಯಿಂದ. ಬೆರಕೆ ಮದುವೆಯೇ ಜಾತಿಗೆ ಮದ್ದು ಎಂದು ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲೇ ಹೇಳಿದ್ದರು.

ಪಕ್ಕದ ಮರಾಠಿಯಲ್ಲಿ ನಾಗರಾಜ ಮಂಜುಳೆ 2016ರಲ್ಲಿ 'ಸೈರಾಟ್' ಮಾಡಿದರು. ಅಲ್ಲೂ ಮೊದಲರ್ಧ ನಗೆ, ಹಾಡು, ಹುಡುಗಾಟ. ಆದರೆ ಹುಡುಗಿ ತಾನೇ ಮಾತಾಡುತ್ತಾಳೆ, ಬುಲೆಟ್ ಓಡಿಸುತ್ತಾಳೆ. ಕೊನೆಗೆ ರಕ್ತ ಎಲ್ಲಿಂದ ಬರುತ್ತದೆಂದು ತೋರಿಸುವ ಧೈರ್ಯವೂ ಇದೆ. ನಗೆಗೂ ಸತ್ಯಕ್ಕೂ ಜಗಳವಿಲ್ಲ ಅನ್ನಲು ಇದೊಂದೇ ಸಾಕು.

ಹಾಗಂತ 'ಮುಂಗಾರು ಮಳೆ'ಯನ್ನು ಬೂಸಾ ಅಂತ ಎಸೆಯಲು ನಾವು ಸಿದ್ಧರಿಲ್ಲ. ನೋಡಿರಿ, ನಗಿರಿ. ಆದರೆ ಆ ಮಾತುಗಾರಿಕೆಯನ್ನು ಕದ್ದು ತನ್ನಿರಿ. ಮೊಲದ ಮುಂದಲ್ಲ, ಊರಿನ ಮುಂದೆ, ಅಪ್ಪಂದಿರ ಮುಂದೆ ಆಡಿರಿ. ನಮ್ಮ ಪ್ರೀತಿಯ ಕಥೆಯನ್ನು ನಮ್ಮ ಬಾಯಿಂದಲೇ, ನಗಿಸುತ್ತಲೇ ಹೇಳುವವರು ನಮ್ಮ ಹಾಸ್ಟೆಲ್ಲುಗಳಿಂದ ಯಾವಾಗ ಹೊರಡುತ್ತಾರೆ?